ಮೇ ತಿಂಗಳಲ್ಲಿ ಕಂಡ ಮನೆಯನ್ನು ನವೆಂಬರಿನಲ್ಲೂ ನೋಡಿ ಬನ್ನಿ

ಪ್ರಶ್ನೆ: ನಾವು ಎಂಟು ವರ್ಷಗಳಿಂದ ಲಂಡನ್ನಿನ ಹೌನ್ಸ್ಲೋದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಪತಿ ವಾರಕ್ಕೆ ಮೂರು ದಿನ ಲಂಡನ್ನಿನ ನಡುಭಾಗದ ಕಚೇರಿಗೆ ಹೋಗುತ್ತಾರೆ. ನನ್ನದು ಮನೆಯಿಂದಲೇ ಕೆಲಸ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ನಾಲ್ಕು. ಕಳೆದ ಮೇ ತಿಂಗಳ ಒಂದು ಶನಿವಾರ ಚಿಲ್ಟರ್ನ್ಸ್ ಬೆಟ್ಟಸಾಲಿನ ಗ್ರೇಟ್ ಮಿಸೆಂಡನ್ ಎಂಬ ಹಳ್ಳಿಗೆ ಹೋಗಿದ್ದೆವು. ಬೀಚ್ ಮರಗಳ ಕಾಡು, ಮರದಡಿ ನೆಲದ ತುಂಬ ನೀಲಿ ಹೂ, ತಲೆಯ ಮೇಲೆ ಸುತ್ತುವ ಗಿಡುಗ. ತೀರ್ಥಹಳ್ಳಿಯಲ್ಲಿ ಬೆಳೆದ ನನಗೆ ತವರಿಗೆ ಬಂದಂತಾಯಿತು. ಅಲ್ಲಿ ಇಟ್ಟಿಗೆ ಮತ್ತು ಚಕಮಕಿ ಕಲ್ಲಿನ ಒಂದು ಹಳೆಯ ಜೋಡಿಮನೆಯ ಅರ್ಧ ಮಾರಾಟಕ್ಕಿದೆ, ಬೆಲೆ 6.5 ಲಕ್ಷ ಪೌಂಡ್. ವರ್ಷದಲ್ಲಿ ಆರು ತಿಂಗಳು ನಮ್ಮೊಂದಿಗಿರುವ ಅತ್ತೆಯವರಿಗಾಗಿ ಹಿಂದೆ ಒಂದು ಕೋಣೆ ಕಟ್ಟಿಸಿ, ಮೇಲೆ ಅಟ್ಟವನ್ನು ಕೋಣೆ ಮಾಡಿಕೊಳ್ಳುವ ಯೋಚನೆಯಿದೆ. ಬೆಂಗಳೂರಿನ ಜೆ.ಪಿ. ನಗರದಲ್ಲಿ ಇಬ್ಬರ ಹೆಸರಿನಲ್ಲಿ ಒಂದು ಫ್ಲ್ಯಾಟ್ ಇದೆ, ಬಾಡಿಗೆಗೆ ಕೊಟ್ಟಿದ್ದೇವೆ. ಈ ಮನೆ ಕೊಳ್ಳಬಹುದೇ? ಅಲ್ಲಿ ನಾವು ಒಂಟಿಯಾಗುತ್ತೇವೆಯೇ?

ಉತ್ತರ: ನಿಮ್ಮ ಪತ್ರ ಓದಿ ಸಂತೋಷವಾಯಿತು, ಸ್ವಲ್ಪ ಕಳವಳವೂ ಆಯಿತು. ಊರನ್ನು ನೀವು ಚೆನ್ನಾಗಿ ಆರಿಸಿದ್ದೀರಿ ಎಂಬುದು ಸಂತೋಷ. ಅದನ್ನು ನೋಡಿದ್ದು ಮೇ ತಿಂಗಳ ಶನಿವಾರ ಎಂಬುದು ಕಳವಳ. ಇಂಗ್ಲೆಂಡಿನ ಯಾವ ಹಳ್ಳಿಯೂ ಮೇ ತಿಂಗಳಲ್ಲಿ ತನ್ನ ಕಷ್ಟ ಹೇಳಿಕೊಳ್ಳುವುದಿಲ್ಲ.

ನಾನು ಈ ಜಿಲ್ಲೆಯಲ್ಲಿ ಇಪ್ಪತ್ತು ವರ್ಷಗಳಿಂದ ಸರ್ವೇಯರ್ ಆಗಿ ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿ ಸರ್ವೇಯರ್ ಎಂದರೆ ಸರಪಳಿ ಹಿಡಿದು ಜಮೀನು ಅಳೆಯುವವರು. ಇಲ್ಲಿ ನನ್ನ ಕೆಲಸ ಕೊಳ್ಳುವವರ ಪರವಾಗಿ ಮನೆಯ ಆರೋಗ್ಯ ನೋಡುವುದು: ಅಟ್ಟ ಹತ್ತುವುದು, ನೆಲದ ಹಲಗೆ ಎತ್ತಿ ನೋಡುವುದು, ಗೋಡೆಗೆ ಮೂಗು ಹಿಡಿಯುವುದು. ಆದ್ದರಿಂದ ನನ್ನ ಉತ್ತರ ಊರಿನ ಚೆಲುವಿನಿಂದ ಶುರುವಾಗದೆ, ಅಲ್ಲಿನ ಕಾನೂನು, ನೀರು ಮತ್ತು ಗೋಡೆಗಳಿಂದ ಶುರುವಾಗುತ್ತದೆ.

ನೀವು ಮೊದಲು ತಿಳಿಯಬೇಕಾದದ್ದು ಇದು: ನಿಮ್ಮ ಮನಸೋಲಿಸಿದ ಆ ಹಸಿರು ತಾನಾಗಿ ಉಳಿದದ್ದಲ್ಲ. ಗ್ರೇಟ್ ಮಿಸೆಂಡನ್‌ಗೆ ರೈಲು ಬಂದದ್ದು 1892ರಲ್ಲಿ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮೆಟ್ರೊಪಾಲಿಟನ್ ರೈಲ್ವೆ ಕಂಪನಿ ಈ ಮಾರ್ಗದ ಊರುಗಳನ್ನು ‘ಮೆಟ್ರೊಲ್ಯಾಂಡ್’ ಎಂದು ಕರೆದು, ಹಳ್ಳಿಯಲ್ಲಿ ಮನೆ, ಲಂಡನ್ನಿನಲ್ಲಿ ಕೆಲಸ ಎಂಬ ಬದುಕನ್ನು ಜನರಿಗೆ ಮಾರಿತು. ಹ್ಯಾರೋ, ಪಿನ್ನರ್ ಕಡೆ ಹೊಲಗಳೆಲ್ಲ ಮನೆಗಳಾದವು. ಎರಡನೆಯ ಮಹಾಯುದ್ಧದ ನಂತರ ಲಂಡನ್ನಿನ ಸುತ್ತ ಹಸಿರು ಪಟ್ಟಿಯನ್ನು ಗುರುತಿಸಿ, ಅದರಾಚೆಗೆ ನಗರ ಹರಿಯದಂತೆ ತಡೆದರು. 1965ರಲ್ಲಿ ಚಿಲ್ಟರ್ನ್ಸ್ ಬೆಟ್ಟಗಳನ್ನು ವಿಶೇಷ ನಿಸರ್ಗ ಸೌಂದರ್ಯದ ಪ್ರದೇಶವೆಂದು ಘೋಷಿಸಿದರು. ಹಳ್ಳಿಯ ಹಳೆಯ ಬೀದಿ ಸಂರಕ್ಷಿತ ವಲಯವಾಯಿತು. ನಿಮ್ಮ ತಲೆಯ ಮೇಲೆ ಸುತ್ತಿದ ಕವಲು ಬಾಲದ ಆ ಕೆಂಪು ಗಿಡುಗ ಕೂಡ ಇಂಗ್ಲೆಂಡಿನಿಂದ ಅಳಿದುಹೋಗಿತ್ತು. 1989ರಿಂದ 1994ರವರೆಗೆ ಸ್ಪೇನಿನಿಂದ ಮರಿಗಳನ್ನು ತಂದು ಈ ಬೆಟ್ಟಗಳಲ್ಲಿ ಬಿಟ್ಟು ಅದನ್ನು ಮರಳಿಸಿದ್ದಾರೆ. ಕಾಡು, ಬೀದಿ, ಹಕ್ಕಿ ಎಲ್ಲವೂ ಯಾರೋ ಹಟ ಹಿಡಿದು ಕಾಪಾಡಿದ್ದರಿಂದ ಉಳಿದವು.

ಹೊಲದಲ್ಲಿ ಇನ್ನೊಂದು ಬಡಾವಣೆ ಏಳದಂತೆ ತಡೆದ ಆ ಬೇಲಿ ನಿಮ್ಮ ಹಿತ್ತಲಿನ ಕೋಣೆಯನ್ನೂ ತಡೆಯುತ್ತದೆ. ಇಂಗ್ಲೆಂಡಿನ ಸಾಮಾನ್ಯ ಊರುಗಳಲ್ಲಿ ಯೋಜನಾ ಅನುಮತಿ ಇಲ್ಲದೆಯೇ ಮಾಡಬಹುದಾದ ಹಲವು ಬದಲಾವಣೆಗಳಿವೆ. ಈ ಬಗೆಯ ರಕ್ಷಿತ ಪ್ರದೇಶದಲ್ಲಿ ಆ ಸ್ವಾತಂತ್ರ್ಯ ಬಹಳ ಕಿರಿದು. ಜೋಡಿಮನೆಯ ಹಿಂದೆ ಮೂಲ ಗೋಡೆಯಿಂದ 3 ಮೀಟರ್‌ವರೆಗೆ ಒಂದಂತಸ್ತಿನ ಕೋಣೆಯನ್ನು ಕಟ್ಟಬಹುದು, ಅದೂ ಹಿಂದಿನ ಮಾಲೀಕರು ಆ ಪಾಲನ್ನು ಆಗಲೇ ಬಳಸಿಕೊಂಡಿರದಿದ್ದರೆ. ಎರಡಂತಸ್ತು ಬೇಕಿದ್ದರೆ, ಪಕ್ಕಕ್ಕೆ ಹಿಗ್ಗಿಸಬೇಕಿದ್ದರೆ, ಮಾಡಿನಿಂದ ಕಿಟಕಿಗೂಡು ಹೊರಚಾಚಿ ಅಟ್ಟವನ್ನು ಕೋಣೆ ಮಾಡಬೇಕಿದ್ದರೆ ಈ ಜಿಲ್ಲೆಯ ಆಡಳಿತವಾದ ಬಕಿಂಗ್‌ಹಮ್‌ಶೈರ್ ಕೌನ್ಸಿಲಿನ ಅನುಮತಿ ಬೇಕು, ಅದು ಸಿಕ್ಕೇ ಸಿಗುತ್ತದೆಂಬ ಭರವಸೆಯಿಲ್ಲ. ಹಿತ್ತಲಿನ ಮರವೂ ಪೂರ್ತಿ ನಿಮ್ಮದಲ್ಲ. ಸಂರಕ್ಷಿತ ವಲಯದಲ್ಲಿ, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಾಂಡದ ಅಡ್ಡಳತೆ 7.5 ಸೆಂಟಿಮೀಟರ್ ದಾಟಿದ್ದರೆ, ಕಡಿಯುವುದಕ್ಕೂ ಕೊಂಬೆ ಸವರುವುದಕ್ಕೂ ಆರು ವಾರ ಮೊದಲು ಕೌನ್ಸಿಲಿಗೆ ತಿಳಿಸಬೇಕು. ಕೆಲವು ಮರಗಳಿಗೆ ಪ್ರತ್ಯೇಕ ರಕ್ಷಣಾ ಆದೇಶವೇ ಇರುತ್ತದೆ, ಅವುಗಳ ಮೇಲೆ ಒಪ್ಪಿಗೆಯಿಲ್ಲದೆ ಗರಗಸ ಇಡುವಂತಿಲ್ಲ.

ಇದಕ್ಕಿಂತ ಗಂಭೀರವಾದ ಪ್ರಶ್ನೆ, ಆ ಮನೆ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿದೆಯೇ ಎಂಬುದು. ಅದನ್ನು ಏಜೆಂಟರ ಬಾಯಿಂದ ಕೇಳಿ ಬಿಡಬೇಡಿ, ಇಂಗ್ಲೆಂಡಿನ ರಾಷ್ಟ್ರೀಯ ಪಟ್ಟಿಯನ್ನು ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು. ಪಟ್ಟಿಯಲ್ಲಿದ್ದರೆ ಒಳಗಿನ ಬಾಗಿಲು, ಮೆಟ್ಟಿಲು, ಒಲೆಗೂಡು ಕೂಡ ಕಾನೂನಿನ ರಕ್ಷಣೆಗೆ ಒಳಪಡುತ್ತವೆ. ಒಪ್ಪಿಗೆಯಿಲ್ಲದೆ ಬದಲಾಯಿಸುವುದು ಅಪರಾಧ. ಹಿಂದಿನವರು ಒಪ್ಪಿಗೆಯಿಲ್ಲದೆ ಹಾಕಿಸಿದ ಪ್ಲಾಸ್ಟಿಕ್ ಕಿಟಕಿಯನ್ನು ತೆಗೆಸಬೇಕೆಂದು ಕೌನ್ಸಿಲ್ ನೋಟಿಸ್ ಕೊಟ್ಟರೆ ಅದು ಇಂದಿನ ಮಾಲೀಕರಿಗೇ ಬರುತ್ತದೆ, ಅದಕ್ಕೆ ಕಾಲಮಿತಿಯೂ ಇಲ್ಲ. ಆದ್ದರಿಂದ ಮನೆಯಲ್ಲಿ ಹೊಸದಾಗಿ ಕಾಣುವ ಒಂದೊಂದಕ್ಕೂ ಅನುಮತಿ ಪತ್ರ ಎಲ್ಲಿದೆ ಎಂದು ಕೇಳಿ.

ಹೀಗಿರುವಾಗ ಅತ್ತೆಯವರ ಕೋಣೆಯನ್ನು ಲೆಕ್ಕಕ್ಕೆ ಹಿಡಿದು ಈ ಮನೆ ಕೊಳ್ಳಬೇಡಿ. ಇರುವ ಗೋಡೆಗಳ ಒಳಗೇ ಐದು ಜನ ಹೊಂದಿಕೊಳ್ಳಬಹುದಾದರೆ ಮಾತ್ರ ಮುಂದುವರಿಯಿರಿ. ಮುಂದೊಂದು ದಿನ ಅನುಮತಿ ಸಿಕ್ಕರೆ ಅದು ಲಾಭ. ಇದನ್ನು ನಾನು ಬಹಳ ಕಾಳಜಿಯಿಂದ ಹೇಳುತ್ತಿದ್ದೇನೆ, ಏಕೆಂದರೆ ಕಾಗದದ ಮೇಲಿನ ಕೋಣೆಗೆ ಹಣ ಕೊಟ್ಟು, ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡ ಕುಟುಂಬಗಳನ್ನು ಕಂಡಿದ್ದೇನೆ.

ಇನ್ನು ನೀರು. ನೀವು ತೀರ್ಥಹಳ್ಳಿಯವರಾದ್ದರಿಂದ ನಿಮಗೆ ಇದನ್ನು ಹೇಳುವುದು ಸುಲಭ. ಮಲೆನಾಡಿನಲ್ಲಿ ಆಷಾಢದ ಮಳೆಗೆ ಅಡುಗೆಮನೆಯ ನೆಲದಲ್ಲಿ ಜಲ ಏಳುತ್ತದಲ್ಲ, ಗ್ರೇಟ್ ಮಿಸೆಂಡನ್ ಕಣಿವೆಯ ಮುಖ್ಯ ಅಪಾಯ ಅದೇ. ಇಲ್ಲಿನ ಬೆಟ್ಟಗಳು ಸೀಮೆಸುಣ್ಣದ ಕಲ್ಲಿನವು. ಮಳೆನೀರು ಮೇಲೆ ಹರಿಯದೆ ಆ ಕಲ್ಲಿನೊಳಗೆ ಇಂಗುತ್ತದೆ, ತಿಂಗಳುಗಟ್ಟಲೆ ಅಲ್ಲೇ ಕೂರುತ್ತದೆ, ಒಳಗೆ ತುಂಬಿದ ಮೇಲೆ ತಗ್ಗಿನಲ್ಲಿ ಒರತೆಯಾಗಿ ಏಳುತ್ತದೆ. ಊರಿನ ಅಂಚಿನ ಮೊಬ್‌ವೆಲ್ ಎಂಬ ಕೊಳದ ಬಳಿ ಹುಟ್ಟುವ ಮಿಸ್‌ಬರ್ನ್ ಹೊಳೆ ಹೀಗೆ ಒರತೆಯಿಂದಲೇ ಬದುಕುವ ಹೊಳೆ. ಮೇಲ್ಭಾಗದಲ್ಲಿ ಅದು ಎಷ್ಟೋ ಸಲ ಪೂರ್ತಿ ಒಣಗಿ ಹುಲ್ಲಿನ ಕಾಲುವೆಯಾಗುತ್ತದೆ, ಮನೆ ನೋಡಲು ಬಂದವರಿಗೆ ಹೊಳೆಯಿದೆ ಎಂಬುದೇ ತಿಳಿಯುವುದಿಲ್ಲ. 2014ರ ಚಳಿಗಾಲದಲ್ಲಿ ಇದೇ ಕಣಿವೆಯಲ್ಲಿ ನೆಲದಡಿಯ ನೀರು ಎದ್ದು ಬಂದು ಬಹಳ ಕಷ್ಟವಾಯಿತು. ನದಿ ಉಕ್ಕಿ ಬಂದ ನೆರೆ ಎರಡು ದಿನದಲ್ಲಿ ಇಳಿಯುತ್ತದೆ. ಎದ್ದ ಜಲ ವಾರಗಟ್ಟಲೆ ಇಳಿಯುವುದಿಲ್ಲ, ಬಾಗಿಲಿಗೆ ಮರಳು ಮೂಟೆ ಒಡ್ಡಿದರೂ ಅದು ನಿಲ್ಲುವುದಿಲ್ಲ.

ಸರ್ಕಾರದ ನೆರೆ ನಕ್ಷೆಯಲ್ಲಿ ಮನೆಯ ವಿಳಾಸ ಹಾಕಿ ನೋಡಿ, ಅದರಲ್ಲಿ ನೆಲದಡಿಯ ನೀರಿನ ಸಾಲನ್ನು ಬಿಡದೆ ಓದಿ. ಆಮೇಲೆ ವಿಮೆ ಕಂಪನಿಯಿಂದ ಅದೇ ವಿಳಾಸಕ್ಕೆ ದರ ಕೇಳಿ, ಮನೆ ಒಪ್ಪಿಕೊಳ್ಳುವ ಮೊದಲೇ. ದರ ವಿಪರೀತವಾಗಿದ್ದರೆ ಅವರಿಗೆ ಏನೋ ಗೊತ್ತಿದೆ ಎಂದರ್ಥ. ಕೊನೆಗೆ ಪಕ್ಕದ ಮನೆಯ ಹಿರಿಯರನ್ನು ಮಾತನಾಡಿಸಿ. ‘2014ರಲ್ಲಿ ನಿಮ್ಮ ನೆಲಮಾಳಿಗೆಯಲ್ಲಿ ನೀರು ಬಂದಿತ್ತೇ’ ಎಂದು ನೇರವಾಗಿ ಕೇಳಿದರೆ ಇಲ್ಲಿನವರು ನೇರವಾಗಿಯೇ ಉತ್ತರಿಸುತ್ತಾರೆ.

ಈಗ ಗೋಡೆಗೆ ಬರೋಣ. ಚಕಮಕಿ ಕಲ್ಲಿನ ಗೋಡೆ ಕಣ್ಣಿಗೆ ಹಬ್ಬ. ಆ ಕಲ್ಲು ಗಾಜಿನ ಹಾಗೆ, ಒಂದು ಹನಿ ನೀರನ್ನೂ ಹೀರುವುದಿಲ್ಲ. ಹಾಗಾಗಿ ಗೋಡೆ ಒದ್ದೆಯಾಗುವುದೂ ಒಣಗುವುದೂ ಕಲ್ಲುಗಳ ನಡುವಿನ ಗಾರೆಯ ಮೂಲಕವೇ. ಕಟ್ಟಿದವರು ಸುಣ್ಣದ ಗಾರೆ ಹಾಕಿದ್ದರು, ಅದು ನೀರು ಕುಡಿದು ಬಿಸಿಲಿಗೆ ಬಿಟ್ಟುಕೊಡುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಬಂದ ಮೇಸ್ತ್ರಿಗಳು ಎಷ್ಟೋ ಮನೆಗಳಲ್ಲಿ ಅದನ್ನು ಕೆರೆದು ಸಿಮೆಂಟ್ ತುಂಬಿದರು. ಸಿಮೆಂಟಿನ ಕೂದಲೆಳೆಯ ಬಿರುಕಿನಿಂದ ಮಳೆ ಒಳಗೆ ಹೋಗುತ್ತದೆ, ಹೋದದ್ದು ಹೊರಗೆ ಬರಲು ದಾರಿಯಿಲ್ಲ. ಆಗ ಅದು ಒಳಗಿನ ಕೋಣೆಯ ಕಡೆ ತಿರುಗುತ್ತದೆ.

ಕೆಲವು ವರ್ಷಗಳ ಹಿಂದೆ ಇದೇ ಕಣಿವೆಯಲ್ಲಿ ಒಂದು ಕನ್ನಡ ಕುಟುಂಬ ತಾವು ಕೊಂಡು ಒಂದು ವರ್ಷವಾದ ಮನೆಗೆ ನನ್ನನ್ನು ಕರೆದಿತ್ತು. ಉತ್ತರದ ಗೋಡೆಗೆ ಒರಗಿಸಿದ ಬೀರುವನ್ನು ಮನೆಯವರೂ ನಾನೂ ಸೇರಿ ಎಳೆದೆವು. ಹಿಂದಿನ ಹಲಗೆ ಮೆತ್ತಗಾಗಿ ಬೆರಳಿಗೆ ಅಂಟಿತು. ಮನೆಯಾಕೆ ಬಾಗಿಲು ತೆರೆದು ಮದುವೆಯ ರೇಷ್ಮೆ ಸೀರೆ ಹೊರತೆಗೆದರು. ಮಡಿಕೆಯ ಗೆರೆಯುದ್ದಕ್ಕೂ ಬೂಷ್ಟು ಹಿಡಿದು, ಜರಿ ಕಪ್ಪಿಟ್ಟಿತ್ತು. ಅವರು ಅದನ್ನು ಮಡಿಲಲ್ಲಿಟ್ಟುಕೊಂಡು ಮಂಚದ ಮೇಲೆ ಸುಮ್ಮನೆ ಕೂತುಬಿಟ್ಟರು. ಹೊರಗಿನಿಂದ ಸಿಮೆಂಟ್, ಒಳಗಿನಿಂದ ಪ್ಲಾಸ್ಟಿಕ್ ಬಣ್ಣ, ಕಟ್ಟುನಿಟ್ಟಾಗಿ ಮುಚ್ಚಿದ ಕಿಟಕಿ, ಅಡುಗೆಮನೆಯಲ್ಲಿ ದಿನಕ್ಕೆರಡು ಹೊತ್ತು ಕುಕ್ಕರಿನ ಹಬೆ, ಚಳಿಗಾಲದಲ್ಲಿ ಕೋಣೆಯೊಳಗೇ ಒಣಹಾಕಿದ ಬಟ್ಟೆ. ನೀರು ಹೋಗುವುದಾದರೂ ಎಲ್ಲಿಗೆ? ಅಷ್ಟರಲ್ಲಿ ಒಬ್ಬ ಗುತ್ತಿಗೆದಾರ ಗೋಡೆಗೆ ರಾಸಾಯನಿಕ ಚುಚ್ಚಿ ಸಾವಿರಾರು ಪೌಂಡ್ ವಸೂಲಿ ಮಾಡಿ ಹೋಗಿದ್ದ, ಅದರಿಂದ ಏನೂ ಆಗಿರಲಿಲ್ಲ. ಕೊನೆಗೆ ಸಿಮೆಂಟ್ ಕೆರೆದು ಸುಣ್ಣದ ಗಾರೆ ತುಂಬಿಸಿ, ಒಲೆಯ ಮೇಲೆ ಗಾಳಿಯನ್ನು ನಿಜವಾಗಿ ಹೊರಗೆ ದೂಡುವ ಫ್ಯಾನ್ ಹಾಕಿಸಿದ ಮೇಲೆ ಎರಡು ಬೇಸಿಗೆಯಲ್ಲಿ ಗೋಡೆ ಒಣಗಿತು. ಸೀರೆ ಮಾತ್ರ ಉಳಿಯಲಿಲ್ಲ.

ಅದಕ್ಕೇ ಹೇಳುತ್ತೇನೆ, ಬ್ಯಾಂಕಿನವರು ಸಾಲಕ್ಕಾಗಿ ಮಾಡಿಸುವ ಬೆಲೆ ಅಂದಾಜನ್ನು ಮನೆಯ ಪರೀಕ್ಷೆ ಎಂದು ತಿಳಿಯಬೇಡಿ. ಅದು ಬ್ಯಾಂಕಿನ ಹಣ ಕಾಪಾಡಲು, ಎಷ್ಟೋ ಸಲ ಮನೆಗೆ ಕಾಲಿಡದೆಯೇ ಮುಗಿಯುತ್ತದೆ. ನೂರು ವರ್ಷ ದಾಟಿದ ಮನೆಗೆ ಮೂರನೆಯ ಹಂತದ, ಅಂದರೆ ಅತ್ಯಂತ ವಿವರವಾದ, ಸರ್ವೆಯನ್ನೇ ಮಾಡಿಸಿ, ಮತ್ತು ಸುಣ್ಣದ ಗೋಡೆ ಬಲ್ಲ ಸರ್ವೇಯರನ್ನೇ ಹುಡುಕಿ. ಬರೀ ತೇವ ಅಳೆಯುವ ಯಂತ್ರವನ್ನು ಗೋಡೆಗೊತ್ತಿ ‘ತೇವವಿದೆ’ ಎಂದು ಬರೆದುಕೊಡುವವರು ಬೇಡ. ಆ ಯಂತ್ರವನ್ನು ಹೊಂದಿಸಿರುವುದು ಮರಕ್ಕೆ, ಹಳೆಯ ಗೋಡೆಯ ಉಪ್ಪು ಅದನ್ನು ದಾರಿ ತಪ್ಪಿಸುತ್ತದೆ. ಜೋಡಿಮನೆಯಾದ್ದರಿಂದ ನಡುವಿನ ಹೊಗೆಗೂಡು ಇಬ್ಬರಿಗೂ ಸೇರಿದ್ದು. ಅದರ ತಳವನ್ನು ಯಾರಾದರೂ ಒಳಗಡೆ ಒಡೆದು ಜಾಗ ಮಾಡಿಕೊಂಡಿದ್ದಾರೆಯೇ ಎಂದು ಅಟ್ಟದಲ್ಲಿ ನೋಡಿಸಿ. ಒಳಚರಂಡಿ ಊರಿನ ಕೊಳವೆಗೆ ಸೇರಿದೆಯೋ, ಹಿತ್ತಲ ಗುಂಡಿಗೋ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಗುಂಡಿಯ ನೀರನ್ನು ನೇರವಾಗಿ ಹೊಳೆಗೆ ಬಿಡುವ ಹಳೆಯ ವ್ಯವಸ್ಥೆ ಈಗ ನಿಷಿದ್ಧ, ಬದಲಾಯಿಸುವ ಖರ್ಚು ದೊಡ್ಡದು.

ಹಣದ ವಿಚಾರದಲ್ಲಿ ನಿಮ್ಮ ಪತ್ರದ ಅತಿ ಮುಖ್ಯ ವಾಕ್ಯ ಜೆ.ಪಿ. ನಗರದ ಫ್ಲ್ಯಾಟಿನದು. ಅದನ್ನು ನೀವು ಕೊನೆಯಲ್ಲಿ ಬರೆದಿದ್ದೀರಿ, ನಾನಾಗಿದ್ದರೆ ಮೊದಲು ಬರೆಯುತ್ತಿದ್ದೆ. ಇಲ್ಲಿನ ಮುದ್ರಾಂಕ ಶುಲ್ಕ 2025ರ ಏಪ್ರಿಲ್‌ನಿಂದ ಹೀಗಿದೆ: ಮೊದಲ 1.25 ಲಕ್ಷ ಪೌಂಡಿಗೆ ಏನೂ ಇಲ್ಲ, ಅಲ್ಲಿಂದ 2.5 ಲಕ್ಷದವರೆಗೆ ಶೇ 2, ಅಲ್ಲಿಂದ 9.25 ಲಕ್ಷದವರೆಗೆ ಶೇ 5. ನಿಮ್ಮ 6.5 ಲಕ್ಷದ ಮನೆಗೆ ಅದು 22,500 ಪೌಂಡ್ ಆಗುತ್ತದೆ. ಆದರೆ ಇನ್ನೊಂದು ಮನೆ ಇದ್ದವರಿಗೆ ಪೂರ್ತಿ ಬೆಲೆಯ ಮೇಲೆ ಶೇ 5 ಹೆಚ್ಚುವರಿ ಶುಲ್ಕವಿದೆ. ಆ ‘ಇನ್ನೊಂದು ಮನೆ’ ಬ್ರಿಟನ್ನಿನಲ್ಲೇ ಇರಬೇಕೆಂದಿಲ್ಲ. ಜಗತ್ತಿನ ಎಲ್ಲೇ ಇರಲಿ, ನಿಮ್ಮ ಪಾಲಿನ ಬೆಲೆ 40,000 ಪೌಂಡ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಲೆಕ್ಕಕ್ಕೆ ಬರುತ್ತದೆ. ಗಂಡ ಹೆಂಡತಿಯನ್ನು ಒಂದೇ ಘಟಕವೆಂದು ನೋಡುವುದರಿಂದ, ಫ್ಲ್ಯಾಟ್ ಒಬ್ಬರ ಹೆಸರಿಗಿದ್ದು ಇಲ್ಲಿನ ಮನೆ ಇನ್ನೊಬ್ಬರ ಹೆಸರಿಗೆ ಎಂದರೂ ನಡೆಯುವುದಿಲ್ಲ. ಅಂದರೆ ಇನ್ನೂ 32,500 ಪೌಂಡ್ ಸೇರಿ ಒಟ್ಟು 55,000. ಮೊದಲ ಮನೆ ಕೊಳ್ಳುವವರ ರಿಯಾಯಿತಿ ನಿಮಗೆ ಹೇಗೂ ಇಲ್ಲ. ಎಲ್ಲಾದರೂ ಹಿಂದೆ ಮನೆ ಕೊಂಡವರಿಗೆ ಅದು ಸಿಗುವುದಿಲ್ಲ, 5 ಲಕ್ಷ ಪೌಂಡ್ ದಾಟಿದ ಮನೆಗೂ ಸಿಗುವುದಿಲ್ಲ.

ಈ ಹೆಚ್ಚುವರಿ ಶುಲ್ಕವನ್ನು ನಿರ್ಧರಿಸುವುದು ಖರೀದಿ ಪೂರ್ಣವಾದ ದಿನದ ಕೊನೆಗೆ ನಿಮ್ಮ ಬಳಿ ಎಷ್ಟು ಮನೆಗಳಿವೆ ಎಂಬುದರ ಮೇಲೆ. ಬೆಂಗಳೂರಿನ ಫ್ಲ್ಯಾಟನ್ನು ಅದಕ್ಕೆ ಮೊದಲೇ ಮಾರಿ ನೋಂದಣಿ ಮುಗಿಸಿದ್ದರೆ ಶುಲ್ಕವಿಲ್ಲ. ಆಮೇಲೆ ಮಾರಿದರೆ, ನೀವು ಎಂದೂ ವಾಸಿಸದ ಬಾಡಿಗೆ ಫ್ಲ್ಯಾಟಿಗೆ ಹಣ ಮರಳುವುದಿಲ್ಲ. ಇದೊಂದು ಲೆಕ್ಕ ಮೊದಲೇ ತಿಳಿದಿದ್ದರೆ ನಿಮ್ಮ ಇಡೀ ಕಾರ್ಯಕ್ರಮದ ಕ್ರಮವೇ ಬದಲಾಗುತ್ತದೆ. ಪತಿಗೆ ಊರಿನ ಮನೆಯಲ್ಲಿ ತಂದೆಯವರಿಂದ ಪಾಲು ಬಂದಿದ್ದರೆ ಅದನ್ನೂ ಖರೀದಿಯ ಕಾಗದಪತ್ರ ನೋಡುವ ವಕೀಲರಾದ ಸೊಲಿಸಿಟರಿಗೆ ಹೇಳಿ. ಕಳೆದ ಮೂರು ವರ್ಷಗಳೊಳಗೆ ಪಿತ್ರಾರ್ಜಿತವಾಗಿ ಬಂದ, ಅರ್ಧ ಮೀರದ ಪಾಲಿಗೆ ವಿನಾಯಿತಿಯಿದೆ, ಹಳೆಯ ಪಾಲಿಗೆ ಇಲ್ಲ. ‘ಅದು ಇನ್ನೂ ಭಾಗವಾಗಿಲ್ಲ’ ಎಂದುಕೊಂಡು ಮುಚ್ಚಿಡಬೇಡಿ.

ಫ್ಲ್ಯಾಟ್ ಮಾರುವುದಕ್ಕೂ ಸಮಯ ಬೇಕು. ಅನಿವಾಸಿಗಳಿಂದ ಕೊಳ್ಳುವವರು ನಿಮಗೆ ಹಣ ಕೊಡುವಾಗಲೇ ತೆರಿಗೆ ಹಿಡಿದುಕೊಳ್ಳಬೇಕು. ಅದು ನಿಮ್ಮ ನಿಜವಾದ ತೆರಿಗೆಗಿಂತ ಬಹಳ ಹೆಚ್ಚಾಗಬಹುದಾದ್ದರಿಂದ ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ಮೊದಲೇ ಅರ್ಜಿ ಹಾಕಿ. ಹಣ ಅನಿವಾಸಿಗಳು ಭಾರತದ ಆದಾಯ ಇಡುವ ಎನ್‌ಆರ್‌ಒ ಖಾತೆಗೆ ಬಂದು, ಲೆಕ್ಕಪರಿಶೋಧಕರ ಪತ್ರದೊಂದಿಗೆ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಇಲ್ಲಿಗೆ ಬರಬಹುದು. ಇಲ್ಲಿನ ತೆರಿಗೆ ಇಲಾಖೆಗೂ ಆ ಲಾಭ ತಿಳಿಸಬೇಕು. ಭಾರತದಲ್ಲಿ ಕಟ್ಟಿದ ತೆರಿಗೆಯನ್ನು ಎರಡು ದೇಶಗಳ ಒಪ್ಪಂದದಂತೆ ಇಲ್ಲಿನ ತೆರಿಗೆಯಿಂದ ಕಳೆಯಬಹುದು. ನಿಮ್ಮ ಸೊಲಿಸಿಟರ್ ಈ ಹಣ ಎಲ್ಲಿಂದ ಬಂತು ಎಂದು ಬುಡಸಹಿತ ಕೇಳುತ್ತಾರೆ, ಅದು ಅವರ ಮೇಲಿನ ಕಾನೂನಿನ ಹೊಣೆ, ಅವಮಾನವೆಂದು ಭಾವಿಸಬೇಡಿ. ಕ್ರಯಪತ್ರ ಕನ್ನಡದಲ್ಲಿದ್ದರೆ ಪ್ರಮಾಣೀಕೃತ ಅನುವಾದವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ. ಒಂದು ಅನುವಾದಕ್ಕಾಗಿ ಮೂರು ವಾರ ಕಾದು ಮನೆ ಕೈತಪ್ಪಿದ್ದನ್ನು ನಾನು ನೋಡಿದ್ದೇನೆ.

ಖರೀದಿಯ ಕ್ರಮ ನಮ್ಮ ಕಡೆಯದಕ್ಕಿಂತ ಬೇರೆ. ಕರ್ನಾಟಕದಲ್ಲಿ ಮಾತುಕತೆ ಮುಗಿದ ಕೂಡಲೇ ಮುಂಗಡ ಕೊಟ್ಟು ಕರಾರು ಬರೆಸುತ್ತೇವೆ. ಇಲ್ಲಿ ನಿಮ್ಮ ಬೆಲೆ ಒಪ್ಪಿಕೊಂಡರು ಎಂದರೂ ಕರಾರು ವಿನಿಮಯದ ದಿನದವರೆಗೆ ಯಾರೂ ಯಾರಿಗೂ ಕಟ್ಟುಬಿದ್ದಿರುವುದಿಲ್ಲ. ಆ ದಿನ ಸಾಮಾನ್ಯವಾಗಿ ಶೇ 10 ಕಟ್ಟುತ್ತೀರಿ, ಅಲ್ಲಿಂದ ಮುಂದೆ ಹಿಂದೆ ಸರಿದರೆ ಆ ಹಣ ಹೋಗುತ್ತದೆ. ಅದಕ್ಕೆ ಮೊದಲು ಇನ್ನೊಬ್ಬರು ಹೆಚ್ಚು ಕೊಟ್ಟರೆ ಮಾರುವವರು ತಿರುಗಿಬೀಳಬಹುದು. ಮಾರುವವರೂ ಇನ್ನೊಂದು ಮನೆ ಕೊಳ್ಳುತ್ತಿರುತ್ತಾರೆ, ಅವರಿಗೆ ಮಾರುವವರು ಮತ್ತೊಂದನ್ನು. ಕೊಂಡಿಯೊಂದು ಕಳಚಿದರೆ ಸರಪಳಿಯೆಲ್ಲ ನಿಲ್ಲುತ್ತದೆ. ಬಾಡಿಗೆಯಲ್ಲಿರುವ ನಿಮಗೆ ಮಾರಬೇಕಾದ ಮನೆ ಇಲ್ಲಿ ಇಲ್ಲ, ಅದೇ ನಿಮ್ಮ ಬಲ, ಏಜೆಂಟರಿಗೆ ಅದನ್ನು ಮೊದಲ ದಿನವೇ ಹೇಳಿ. ದಾಖಲೆಯ ವಿಷಯದಲ್ಲಿ ಮಾತ್ರ ಇಲ್ಲಿನವರು ನಮಗಿಂತ ಸುಖಿಗಳು. ತಾಯಿಪತ್ರ, ಖಾತೆ, ಮೂವತ್ತು ವರ್ಷದ ಋಣಭಾರ ಪತ್ರ ಎಂದು ಅಲೆಯಬೇಕಿಲ್ಲ, ಭೂ ನೋಂದಣಿ ಇಲಾಖೆಯಿಂದ 7 ಪೌಂಡಿಗೆ ಹಕ್ಕಿನ ದಾಖಲೆ ನಿಮಿಷದಲ್ಲಿ ಬರುತ್ತದೆ, ಅದಕ್ಕೆ ಸರ್ಕಾರದ ಖಾತರಿಯಿದೆ. ಅದರಲ್ಲಿ ಹಿತ್ತಲ ಮೇಲೆ ನೆರೆಯವರಿಗೆ ದಾರಿಯ ಹಕ್ಕಿದೆಯೇ ನೋಡಿ. ಸಾರ್ವಜನಿಕ ಕಾಲುದಾರಿಗಳು ಈ ಬೆಟ್ಟಗಳ ತುಂಬ ಇವೆ, ಕೆಲವು ಯಾರದೋ ತೋಟದ ಅಂಚಿನಲ್ಲೇ ಹಾಯುತ್ತವೆ. ಅವುಗಳನ್ನು ಕೌನ್ಸಿಲಿನ ನಕ್ಷೆಯಲ್ಲಿ ನೋಡಬೇಕು.

ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಎಚ್‌ಎಸ್2 ವೇಗದ ರೈಲಿನ ಬಗ್ಗೆ ನೀವು ಕೇಳಿಲ್ಲ, ಆದರೂ ತಿಳಿದಿರಲಿ. ಚಿಲ್ಟರ್ನ್ಸ್ ಬೆಟ್ಟದಡಿಯ ಅದರ 16 ಕಿಲೋಮೀಟರ್ ಸುರಂಗ ಹೊರಬರುವುದು ಇಲ್ಲಿಂದ ಹತ್ತಿರದ ಸೌತ್ ಹೀತ್ ಬಳಿ. ಸುರಂಗ ಕೊರೆಯುವ ಕೆಲಸ 2024ರಲ್ಲಿ ಮುಗಿದಿದೆ. ನಿಮ್ಮ ಮನೆ ಆ ದಿಕ್ಕಿನಲ್ಲಿದ್ದರೆ ಸೊಲಿಸಿಟರಿಂದ ಅದರ ಹುಡುಕಾಟ ಮಾಡಿಸಿ.

ದಿನನಿತ್ಯದ ರೈಲು ಡೀಸೆಲ್ಲಿನದು, ಲಂಡನ್ನಿನ ಮ್ಯಾರಿಲಬೋನ್ ನಿಲ್ದಾಣಕ್ಕೆ ಸುಮಾರು ಮುಕ್ಕಾಲು ಗಂಟೆ. ಪತಿ ಮೂರೇ ದಿನ ಹೋಗುವುದರಿಂದ ವಾರ್ಷಿಕ ಪಾಸ್ ಕೊಳ್ಳುವ ಮೊದಲು ಲೆಕ್ಕ ಹಾಕಿ. 28 ದಿನಗಳಲ್ಲಿ 8 ದಿನ ಬಳಸುವ ಫ್ಲೆಕ್ಸಿ ಪಾಸ್ ಇದೆ, ಅದು ವಾರಕ್ಕೆ ಎರಡು ದಿನದವರಿಗೆ ಹೊಂದುತ್ತದೆ. ಮೂರು ದಿನದವರಿಗೆ ಎರಡರ ಲೆಕ್ಕವೂ ಹತ್ತಿರ ಹತ್ತಿರ ಬರುತ್ತದೆ. ಇದೇ ರೈಲು ಹ್ಯಾರೋ ಆನ್ ದ ಹಿಲ್‌ನಲ್ಲಿ ನಿಲ್ಲುತ್ತದೆ. ಸೋನಾ ಮಸೂರಿ, ಬ್ಯಾಡಗಿ ಮೆಣಸಿನಕಾಯಿ, ಕರಿಬೇವು ಅಲ್ಲಿನ ಭಾರತೀಯ ಅಂಗಡಿಗಳಲ್ಲಿ, ಕಚೇರಿಯಿಂದ ಬರುವ ದಾರಿಯಲ್ಲೇ ಸಿಗುತ್ತವೆ ಎಂಬುದು ಸಣ್ಣ ಅನುಕೂಲವಲ್ಲ.

ಮಗಳ ಶಾಲೆಯ ವಿಷಯ ತುರ್ತಿನದು. ಬಕಿಂಗ್‌ಹಮ್‌ಶೈರ್ ಇಂದಿಗೂ ಹನ್ನೊಂದನೆಯ ವಯಸ್ಸಿನ ಪ್ರವೇಶ ಪರೀಕ್ಷೆ ಉಳಿಸಿಕೊಂಡಿರುವ ಜಿಲ್ಲೆ. ಆರನೆಯ ಇಯರ್ ಶುರುವಾಗುತ್ತಿದ್ದಂತೆ ಸೆಪ್ಟೆಂಬರಿನಲ್ಲಿ ಪರೀಕ್ಷೆ, 121 ಅಂಕ ಬಂದರೆ ಗ್ರ್ಯಾಮರ್ ಶಾಲೆಗೆ, ಅಂದರೆ ಅಂಕ ನೋಡಿ ಮಕ್ಕಳನ್ನು ಆರಿಸಿಕೊಳ್ಳುವ ಪ್ರೌಢಶಾಲೆಗೆ, ಅರ್ಹತೆ. ಲಿಟಲ್ ಚಾಲ್ಫಾಂಟ್, ಚೆಶಮ್‌ಗಳಲ್ಲಿ ಒಳ್ಳೆಯ ಗ್ರ್ಯಾಮರ್ ಶಾಲೆಗಳಿವೆ. ಆದರೆ ಅಂಕವಷ್ಟೇ ಸಾಲದು, ಆ ಶಾಲೆಯ ವ್ಯಾಪ್ತಿಯೊಳಗೆ ಮನೆಯಿರುವವರಿಗೆ ಆದ್ಯತೆ. ಪ್ರೌಢಶಾಲೆಗೆ ಅರ್ಜಿಯ ಕೊನೆಯ ದಿನ ಅಕ್ಟೋಬರ್ 31. ಖರೀದಿಗೆ ನಾಲ್ಕೈದು ತಿಂಗಳು ಹಿಡಿಯಬಹುದಾದ್ದರಿಂದ ನಿಮಗೆ ಸಮಯ ಹೆಚ್ಚಿಲ್ಲ. ಜಿಲ್ಲೆಯ ಹೊರಗಿನ ಮಕ್ಕಳನ್ನು ಪರೀಕ್ಷೆಗೆ ನೀವೇ ನೋಂದಾಯಿಸಬೇಕು, ತಾನಾಗಿ ಆಗುವುದಿಲ್ಲ. ಇಷ್ಟಾದ ಮೇಲೂ ಮಗಳಿಗೆ 121 ಬರದಿರಬಹುದು. ಊರಿನಲ್ಲೇ ಮಿಸ್‌ಬರ್ನ್ ಶಾಲೆಯಿದೆ, ಅದನ್ನೂ ಒಮ್ಮೆ ಒಳಹೊಕ್ಕು ನೋಡಿ. ಅಲ್ಲಿಗೆ ಮಗಳು ಹೋಗುವುದು ನಿಮಗೆ ಒಪ್ಪಿಗೆಯಾಗುತ್ತದೆಯೇ ಎಂದು ಕೇಳಿಕೊಳ್ಳಿ. ಆಗದಿದ್ದರೆ ಹತ್ತು ವರ್ಷದ ಮಗುವಿನ ಒಂದು ಬೆಳಗಿನ ಮೇಲೆ ಇಡೀ ಮನೆಯ ಭಾರ ಹೊರಿಸಿದಂತೆ.

ಒಂಟಿತನದ ಪ್ರಶ್ನೆಗೆ ಮುಚ್ಚುಮರೆಯಿಲ್ಲದೆ ಉತ್ತರಿಸುತ್ತೇನೆ. ಹೌನ್ಸ್ಲೋದಲ್ಲಿ ಬಾಗಿಲು ತೆರೆದರೆ ನಮ್ಮವರು. ಇಲ್ಲಿ ಮಗನ ತರಗತಿಯಲ್ಲಿ ಅವನಂತೆ ಕಾಣುವ ಮಕ್ಕಳು ಒಬ್ಬಿಬ್ಬರಿರಬಹುದು. ಇಲ್ಲಿನ ಜನ ಒರಟರಲ್ಲ, ಆದರೆ ತಾವಾಗಿ ಬಾಗಿಲು ತಟ್ಟುವವರೂ ಅಲ್ಲ. ಅವರನ್ನು ಭೇಟಿಯಾಗುವುದು ಕೆಲಸದ ಮೂಲಕ: ಕಾಲುದಾರಿಯ ಮುಳ್ಳು ಕಡಿಯುವ ಗುಂಪು, ಶಾಲೆಯ ಸಂತೆ, ಕ್ರಿಕೆಟ್ ಕ್ಲಬ್, ಗೇಣಿಗೆ ಸಿಗುವ ತರಕಾರಿ ಪಾತಿ. ಮೆಂತ್ಯ ಸೊಪ್ಪಿಗೆ ಇಲ್ಲಿನ ಬೇಸಿಗೆ ಸಾಕು. ನಮ್ಮ ಮನೆಯಲ್ಲಿ ಮೊದಲ ಸ್ನೇಹ ಆದದ್ದೇ ಪಕ್ಕದ ಪಾತಿಯ ಅಜ್ಜನಿಗೆ ಒಂದು ಕಟ್ಟು ಮೆಂತ್ಯ ಕೊಟ್ಟಾಗ. ಮರುವಾರ ಅವರು ಒಂದು ಬುಟ್ಟಿ ಸೇಬನ್ನು ಬಾಗಿಲಲ್ಲಿ ಇಟ್ಟು ಹೋಗಿದ್ದರು. ಕನ್ನಡದ ಕೂಟಗಳಿಗೆ ಯುಗಾದಿ, ದೀಪಾವಳಿಗೆ ನೀವು ಕಾರಿನಲ್ಲಿ ಹೋಗಿಬರಬೇಕಾಗುತ್ತದೆ. ಅದಕ್ಕೆ ಮನಸ್ಸು ಸಿದ್ಧವಿದ್ದರೆ ಸಾಕು.

ನನಗೆ ನಿಮಗಿಂತ ಹೆಚ್ಚು ಚಿಂತೆ ಇರುವುದು ಅತ್ತೆಯವರ ಬಗ್ಗೆ. ಅವರು ಇಲ್ಲಿ ಕಾರು ಓಡಿಸಲಾರರು ಎಂದುಕೊಂಡಿದ್ದೇನೆ. ನೀವು ಮೀಟಿಂಗಿನಲ್ಲಿರುವಾಗ ಅವರು ಎಲ್ಲಿಗೆ ಹೋಗಬೇಕು? ಮನೆ ಹೈ ಸ್ಟ್ರೀಟಿನ ಬಳಿ ಸಮತಟ್ಟಿನಲ್ಲಿದ್ದರೆ ಅಂಗಡಿ, ಗ್ರಂಥಾಲಯ, ಬೆಂಚು ಎಲ್ಲ ನಡಿಗೆಯ ದೂರದಲ್ಲಿವೆ. ಪ್ರೆಸ್ಟ್‌ವುಡ್ ಕಡೆ ಏರುವ ದಾರಿಯಲ್ಲಿದ್ದರೆ ಅವರು ಆರು ತಿಂಗಳು ಕಿಟಕಿಯ ಬಳಿ ಕೂರುತ್ತಾರೆ. ಎಷ್ಟೋ ದಾರಿಗಳಿಗೆ ಇಲ್ಲಿ ಕಾಲುಹಾದಿಯ ಕಟ್ಟೆಯಿಲ್ಲ, ಬೀದಿದೀಪವಿಲ್ಲ. ಅದೇ ಮನೆ ಕಣಿವೆಯ ತಗ್ಗಿನಲ್ಲಿದ್ದರೆ ನೀರಿನ ಪ್ರಶ್ನೆ ಗಟ್ಟಿಯಾಗುತ್ತದೆ ಎಂಬುದನ್ನೂ ನೀವು ಗಮನಿಸಿರಬಹುದು. ಈ ಊರಿನಲ್ಲಿ ಮನೆ ಆರಿಸುವುದೆಂದರೆ ಆ ಎರಡರ ನಡುವೆ, ನಡೆಯಲು ಸಾಧ್ಯವಾಗುವಷ್ಟು ಕೆಳಗೆ, ಜಲ ಏಳದಷ್ಟು ಮೇಲೆ, ಒಂದು ಗೆರೆ ಹುಡುಕುವುದು.

ಹಾಗಾಗಿ ಹೀಗೆ ಮಾಡಿ. ಕರಾರು ವಿನಿಮಯವನ್ನು ನವೆಂಬರ್ ದಾಟುವವರೆಗೆ ತಡೆಯಲು ಸಾಧ್ಯವೇ ನೋಡಿ. ಆಗದಿದ್ದರೆ ಮಳೆ ಬರುವ ಒಂದು ಮಂಗಳವಾರವನ್ನಾದರೂ ಆರಿಸಿಕೊಳ್ಳಿ. ಸಂಜೆ ಮ್ಯಾರಿಲಬೋನ್‌ನಲ್ಲಿ ಕಚೇರಿ ಬಿಟ್ಟವರ ಗುಂಪಿನಲ್ಲಿ ನಿಂತು ರೈಲು ಹತ್ತಿ. ಗ್ರೇಟ್ ಮಿಸೆಂಡನ್‌ನಲ್ಲಿ ಇಳಿದು, ಅತ್ತೆಯವರು ಇಲ್ಲಿದ್ದರೆ ಅವರ ಕೈ ಹಿಡಿದು, ನಿಲ್ದಾಣದಿಂದ ಆ ಮನೆಯವರೆಗೆ ಕತ್ತಲಲ್ಲಿ ನಡೆಯಿರಿ. ಏಜೆಂಟರಿಗೆ ಮೊದಲೇ ಹೇಳಿ ಮನೆ ತೆರೆಸಿಡಿ. ಒಳಗೆ ಹೋದ ಮೇಲೆ ಉತ್ತರದ ಕೋಣೆ ಯಾವುದೆಂದು ಕೇಳಿ, ಮಾರುವವರ ಅಪ್ಪಣೆ ಪಡೆದು, ಗೋಡೆಗೆ ಒರಗಿಸಿದ ಬೀರುವನ್ನು ಒಂದು ಅಡಿ ಈಚೆಗೆ ಎಳೆದು ಹಿಂದೆ ಕೈಯಾಡಿಸಿ. ಕಂಡದ್ದನ್ನು ನನಗೆ ಬರೆಯಿರಿ.